ಆಕಳು ಇತ್ತು ಅನ್ನೋದಕ್ಕೆ ಏನು ದಾಖಲೆ?

2022ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಾವೇರಿ ಕಡೆಯ ಊರುಗಳಲ್ಲಿ ದನಗಳ ಮೈಮೇಲೆ ಗಂಟುಗಳು ಎದ್ದವು. ಚರ್ಮಗಂಟು ರೋಗ. ನೊಣ, ಸೊಳ್ಳೆ, ಉಣ್ಣಿ ಕಚ್ಚಿ ಹರಡುವ ಈ ಬೇನೆಗೆ ಆಗ ಹಾಕುತ್ತಿದ್ದುದು ಮೇಕೆ ಸಿಡುಬಿನ ಲಸಿಕೆ. ಅದು ನಮ್ಮೂರಿಗೆ ಬರುವ ಮೊದಲೇ ನಮ್ಮ ಓಣಿಯ ಅಕ್ಕನೊಬ್ಬಳ ಆಕಳು ಮೇವು ಬಿಟ್ಟಿತು, ನಾಲ್ಕನೆಯ ದಿನ ಸತ್ತಿತು. ಆಕೆಗೆ ಗಂಡನಿಲ್ಲ, ಹೊಲವಿಲ್ಲ. ಡೇರಿಗೆ ಹಾಕುವ ಹಾಲಿನ ಮೇಲೆಯೇ ಮನೆ ನಡೆಯುತ್ತಿತ್ತು.

ರೋಗದಿಂದ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಕೊಡುವುದಾಗಿ ರಾಜ್ಯ ಸರಕಾರ ಘೋಷಿಸಿತು. ಒಳ್ಳೆಯದೇ. ಆದರೆ ಬೇನೆ ಹರಡಬಾರದೆಂದು ಊರವರೇ ಹೇಳಿ ಆಕಳನ್ನು ಅದೇ ದಿನ ಹೂಳಿಸಿದ್ದರು. ವೈದ್ಯರ ವರದಿ ಇಲ್ಲ, ಫೋಟೋ ಇಲ್ಲ. ಹನ್ನೆರಡು ಅಂಕಿಯ ಕಿವಿಯೋಲೆ ಎಂದೋ ಹರಿದುಹೋಗಿತ್ತು. ನಾನು ಅವಳ ಜೊತೆ ಮೂರು ಸಲ ಕಚೇರಿಗೆ ಅಲೆದೆ. ಮೂರನೆಯ ಸಲ ಅಲ್ಲಿಯವರು ಕೇಳಿದರು: “ಆಕಳು ಇತ್ತು ಅನ್ನೋದಕ್ಕೆ ಏನು ದಾಖಲೆ?” ಡೇರಿಯ ಹಾಲಿನ ಪುಸ್ತಕ ತೋರಿಸಿದೆವು. ನಡೆಯಲಿಲ್ಲ.

ಗುಮಾಸ್ತರನ್ನು ಬೈದು ಸುಮ್ಮನಾಗಬಹುದಿತ್ತು. ಸುಳ್ಳು ಅರ್ಜಿಗಳೂ ಬರುತ್ತವೆ, ಅವರಿಗೂ ಕಾಗದ ಬೇಕು. ನನ್ನ ಸಿಟ್ಟು ಇರುವುದು ನಮ್ಮ ಮೇಲೆಯೇ. ಬಸವ ಜಯಂತಿಗೆ ಎತ್ತುಗಳ ಮೆರವಣಿಗೆ ತೆಗೆಯುತ್ತೇವೆ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯುತ್ತೇವೆ. ತುರುಗಾಹಿ ರಾಮಣ್ಣನವರ ಬಗ್ಗೆ, ಕುರಿ ಕಾಯ್ದ ವೀರಗೊಲ್ಲಾಳರ ಬಗ್ಗೆ ತಾಸುಗಟ್ಟಲೆ ಪ್ರವಚನ ಕೇಳುತ್ತೇವೆ (ನಾನೂ ಒಂದೆರಡು ಕಡೆ ಮಾತಾಡಿದ್ದೇನೆ). ಅದೇ ಕಾಯಕ ಮಾಡುವ ಹೆಣ್ಣುಮಗಳ ಆಕಳಿಗೆ ಓಲೆ ಇದೆಯೋ ಇಲ್ಲವೋ ಎಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಪರಿಹಾರವನ್ನು ಸರಕಾರದ ಕೃಪೆ ಎಂದು ತಿಳಿದದ್ದೇ ಈ ಉದಾಸೀನಕ್ಕೆ ಮೂಲ. ಶರಣರು ಬೇಡುವುದನ್ನು ಒಪ್ಪಲಿಲ್ಲ, ನಿಜ. ಆದರೆ ಕಾಯಕ ಮಾಡಿದವಳು ಕಷ್ಟದಲ್ಲಿ ತನ್ನ ಪಾಲು ಕೇಳುವುದು ಬೇಡುವುದಲ್ಲ.

ಕಿವಿಗೆ ಓಲೆ ಹಾಕಬಹುದಾದ ದನದ ಗತಿ ಇದಾದರೆ ಜೇನಿನದು ಇನ್ನೂ ಕಷ್ಟ. ನೆರೆಯಂಥ ವಿಪತ್ತಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಪರಿಹಾರದ ಪಟ್ಟಿಯಲ್ಲಿ ಹಾಲು ಕೊಡುವ ಆಕಳು, ಎಮ್ಮೆಗೆ 37,500 ರೂಪಾಯಿ ಇದೆ. ದುಡಿಯುವ ಎತ್ತಿಗೆ 32 ಸಾವಿರ ಇದೆ. ಕೋಳಿ ಇದೆ, ರೇಷ್ಮೆ ಇದೆ. ಜೇನಿಗೆ ಅಲ್ಲಿ ಜಾಗವಿಲ್ಲ. ಪೆಟ್ಟಿಗೆ ಕೊಳ್ಳಲು ಸಹಾಯಧನವುಂಟು, ಪೆಟ್ಟಿಗೆಯೊಳಗಿನ ಕುಟುಂಬ ಸತ್ತರೆ ಕೇಳುವವರಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬೇನೆ ಬಂದು ಕೊಡಗು, ಕರಾವಳಿ, ಮಲೆನಾಡಿನ ತುಡುವೆ ಜೇನಿನ ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಸಾಲುಸಾಲು ಪೆಟ್ಟಿಗೆಗಳು ಖಾಲಿಯಾದವು. ಇವತ್ತು ಬಯಲುಸೀಮೆಯ ಸೂರ್ಯಕಾಂತಿ ಹೊಲಕ್ಕೆ ಹೂವರಳಿದ ಹೊತ್ತಿನಲ್ಲಿ ಔಷಧಿ ಹೊಡೆದರೂ ಹುಳು ಸಾಯುತ್ತದೆ. ಕಾಳು ಕಟ್ಟಬೇಕಾದರೆ ಆ ಹೂವಿಗೆ ಜೇನು ಬರಲೇಬೇಕು. ಹೊಲವಿಲ್ಲದವನೂ ಬದುವಿನ ಮೇಲೆ ಪೆಟ್ಟಿಗೆ ಇಟ್ಟು ಮಾಡಬಹುದಾದ ಕಾಯಕ ಇದು. ಪಹಣಿಯಲ್ಲಿ ಅವನ ಹೆಸರಿಲ್ಲ, ಹಾಗಾಗಿ ಅವನ ನಷ್ಟವೂ ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಜೇನನ್ನು ಆ ಪಟ್ಟಿಗೆ ಸೇರಿಸಿರಿ ಎಂದು ನಮ್ಮ ಮಠಾಧೀಶರು ಸರಕಾರವನ್ನು ಕೇಳಬೇಕು. ಮಂತ್ರಿಗಳು ಮಠಕ್ಕೆ ಬರುತ್ತಲೇ ಇರುತ್ತಾರೆ, ಶಾಲು ಹೊದಿಸುವಾಗ ಇದನ್ನೂ ಒಂದು ಮಾತು ಹೇಳಲಿ. ಅದಕ್ಕೂ ಮೊದಲು ನಾವೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಊರಿನ ಬಸವ ಬಳಗ ಒಂದು ವಹಿ ಇಡಲಿ. ಯಾರ ಮನೆಯಲ್ಲಿ ಎಷ್ಟು ದನ, ಕುರಿ, ಜೇನುಪೆಟ್ಟಿಗೆ, ಓಲೆಯ ಅಂಕಿ ಏನು, ಲಸಿಕೆ ಯಾವಾಗ ಬಿದ್ದಿತು, ಎಲ್ಲ ಬರೆಯಲಿ. ಜಾತಿ ಕೇಳದೆ ಬರೆಯಲಿ. ದನ ಸತ್ತರೆ ಹೂಳುವ ಮೊದಲು ವೈದ್ಯರಿಗೆ ಫೋನು ಮಾಡಿ, ಫೋಟೋ ತೆಗೆದು, ಅರ್ಜಿ ಬರೆದುಕೊಡಲು ಓದಿದ ಹುಡುಗರಿಬ್ಬರು ಸಾಕು.

ನಮ್ಮ ಓಣಿಯ ವಹಿ ಹೋದ ತಿಂಗಳು ಶುರುವಾಯಿತು. ಅಕ್ಕ ಈಗ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಮೊದಲ ಪುಟದಲ್ಲಿ ಅವಳ ಹೆಸರಿದೆ, ಅದರ ಮುಂದಿನ ಮನೆ ಖಾಲಿ ಇದೆ.