ಜಗಲಿ ದಾಟಿದ ಮೇಲೆ

ಶಿರಸಿ ಸೀಮೆಯ ಭೈರುಂಬೆಯ ಕಡೆ ಮನೆ ಮಾರುತ್ತಾರೆ ಎಂಬ ಮಾತೇ ಕಿವಿಗೆ ವಿಚಿತ್ರ. ಇಲ್ಲಿ ಮಾರುವುದು ಅಡಿಕೆ ತೋಟವನ್ನು. ಮನೆ ಅದರ ಹಿಂದೆ ಹೋಗುತ್ತದೆ. ಕೊಳ್ಳಲು ಬಂದ ಪಕ್ಕದೂರಿನವರು ಜಗಲಿಯಲ್ಲಿ ಕೂತು, ಆಸರಿಗೆ ಕುಡಿದು, ಕವಳ ಹಾಕಿ ಸೀದಾ ತೋಟಕ್ಕಿಳಿಯುತ್ತಾರೆ. ಬೇಸಿಗೆಗೆ ನೀರುಂಟೋ, ಕೊಳೆರೋಗ ಎಷ್ಟು, ಸೊಪ್ಪಿನ ಬೆಟ್ಟ ಎಲ್ಲಿ. ಇಷ್ಟು ಕೇಳುವಷ್ಟರಲ್ಲಿ ಹೊತ್ತಾಗಿರುತ್ತದೆ. ಗೋಡೆಯ ಬಣ್ಣ ಯಾರಿಗೆ ಬೇಕು?

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದವು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಈ ಹೊಸ ಗಿರಾಕಿ ಮೊದಲು ಬರುವುದು ತೋಟಕ್ಕಲ್ಲ, ಮೊಬೈಲಿನ ವಿಡಿಯೋಕ್ಕೆ. ಅವನ ಕಣ್ಣು ಜಗಲಿಯ ಕಂಬದ ಮೇಲೆ, ತೂಗುಮಂಚದ ಮೇಲೆ. ಮಾರುವ ಮನೆಯನ್ನು ಕೊಳ್ಳುವವರ ಕಣ್ಣಿಗೆ ಹಿಡಿಸುವಂತೆ ಸಜ್ಜುಗೊಳಿಸುವ ಹೋಮ್ ಸ್ಟೇಜಿಂಗ್ ಎಂಬ ಕಸುಬಿಗೆ ಬೇಕಾದದ್ದು ಇಂಥ ಅಪರಿಚಿತನೇ. ತೋಟ ಬಲ್ಲವನ ಎದುರು ಅದು ನಡೆಯದು.

ಅಮೆರಿಕದ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಟ್ಸ್ ಎಂಬಾಕೆ ಮನೆ ಮಾರಾಟದ ಕೆಲಸದಲ್ಲಿದ್ದಾಗ, 1972ರಲ್ಲಿ ಈ ಸ್ಟೇಜಿಂಗನ್ನು ಒಂದು ವೃತ್ತಿಯ ರೂಪಕ್ಕೆ ತಂದರು ಎನ್ನುತ್ತಾರೆ. ಮೇಲುನೋಟಕ್ಕೆ ಇದೂ ಒಳಾಂಗಣ ಅಲಂಕಾರವೂ ಒಂದೇ: ಕುರ್ಚಿ ಸರಿಸುವುದು, ದೀಪ ಬದಲಿಸುವುದು, ಪರದೆ ಹಾಕುವುದು. ಆದರೆ ಅಲಂಕಾರ ಮಾಡುವವರು ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತಾರೆ. ಸ್ಟೇಜಿಂಗ್ ಮಾಡುವವರಿಗೆ ಯಾರೂ ಕೂರಬೇಕಾಗಿಲ್ಲ, ನೋಡಿದವರಿಗೆ ಕೂರಬೇಕು ಅನ್ನಿಸಿದರೆ ಸಾಕು. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಅಜ್ಜಿಯ ಮಂಚವಿದೆ ಎಂದುಕೊಳ್ಳಿ. ಮೊದಲಿನವರು ಅಲ್ಲೊಂದು ಹಿಡಿಗಂಬಿ, ಕೈಗೆಟುಕುವ ಸ್ವಿಚ್ಚು ಹಾಕಿಸುತ್ತಾರೆ. ಎರಡನೆಯವರು ಮಂಚವನ್ನೇ ಅಟ್ಟಕ್ಕೆ ಸಾಗಿಸುತ್ತಾರೆ. ಜೊತೆಗೆ ಗೋಡೆಯ ಮೇಲಿನ ಮದುವೆ ಫೋಟೋ, ಹಳೇ ಕ್ಯಾಲೆಂಡರು, ಔಷಧಿ ಡಬ್ಬಿಗಳನ್ನೂ. ಬಂದವನಿಗೆ ತನ್ನ ಸಂಸಾರವನ್ನು ಅಲ್ಲಿ ಕಲ್ಪಿಸಿಕೊಳ್ಳಲು ಜಾಗ ಬೇಕಲ್ಲ! ಅಲಂಕಾರ ಕೂಡಿಸುತ್ತಾ ಹೋಗುತ್ತದೆ, ಸ್ಟೇಜಿಂಗ್ ಕಳೆಯುತ್ತಾ.

ಶಿರಸಿ, ಸಿದ್ದಾಪುರ, ಸಾಗರದ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಬದುಕಲು ಮಾಡಿದ್ದಕ್ಕೂ ತೋರಿಸಲು ಮಾಡಿದ್ದಕ್ಕೂ ಇರುವ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮದುವೆಗೆಂದು ಹೆಂಗಸರು ಬರೆದದ್ದು ನೆಂಟರು ಹೋದ ಮೇಲೂ ಗೋಡೆಯಲ್ಲೇ ಉಳಿದು, ಮನೆಯವರ ಜೊತೆ ಹೊಗೆ ಹಿಡಿದು ಮಾಸುತ್ತದೆ. ಅದೇ ಚಿತ್ತಾರಕ್ಕೆ ಕಟ್ಟು ಹಾಕಿಸಿ ಹೋಮ್‌ಸ್ಟೇ ಗೋಡೆಗೆ ನೇತುಹಾಕಿ. ಗೆರೆ ಒಂದೂ ಬದಲಾಗಿಲ್ಲ, ಆದರೆ ಅದೀಗ ಶಿರಸಿ ಬಳಿಯ ಸಹಸ್ರಲಿಂಗ ನೋಡಿ ಬಂದ ಪ್ರವಾಸಿಗರ ಕ್ಯಾಮೆರಾಕ್ಕಾಗಿ ಕಾಯುತ್ತದೆ.

ಹಾಗಾದರೆ ನಮ್ಮ ಹಿರಿಯರು ತೋರಿಕೆ ಅರಿಯದವರೇ? ಖಂಡಿತ ಅಲ್ಲ. ಜಗಲಿ ಎಂಬುದೇ ತೋರಿಕೆಯ ಜಾಗ. ಒಳ್ಳೆಯ ಕಂಬಳಿ ಅಲ್ಲಿ, ಹೊಳೆಯುವ ಕವಳದ ತಬಕು ಅಲ್ಲಿ, ಗಂಡಸರ ದೊಡ್ಡ ಮಾತೂ ಅಲ್ಲೇ. ದುಡಿತವೆಲ್ಲ ಒಳಗೆ, ಹೆಂಗಸರ ಪಾಲಿಗೆ. ಆ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಆದರೂ ಅಲ್ಲೊಂದು ಪ್ರಾಮಾಣಿಕತೆಯಿತ್ತು: ಇಲ್ಲಿಯವರೆಗೆ ತೋರಿಕೆ, ಈ ಬಾಗಿಲಿನಿಂದಾಚೆ ಬದುಕು ಎಂದು ಕಟ್ಟಡವೇ ಗೆರೆ ಎಳೆದಿತ್ತು. ಬೆಂಗಳೂರಿನ ಬಿಲ್ಡರುಗಳ ಮಾದರಿ ಫ್ಲ್ಯಾಟಿನಲ್ಲಿ ಆ ಬಾಗಿಲಿಲ್ಲ. ಅಲ್ಲಿ ಬಚ್ಚಲಿನವರೆಗೂ ಜಗಲಿಯೇ.

ಸ್ಟೇಜಿಂಗ್ ಮೋಸ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕತ್ತಲೆ ಕೋಣೆಯ ಸಾಮಾನು ತೆಗೆದು ಬೆಳಕು ಬಿಡುವುದು ಮೋಸವಲ್ಲ. ವರಲೆ ತಿಂದ ಜಂತಿಗೆ ವಾರ್ನಿಷ್ ಹೊಡೆಸಿ ಸುಮ್ಮನಿರುವುದು ಮೋಸ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನೇ ತಿಳಿಸಬೇಕು.

ಕಾನೂನಿಗಿಂತ ಗಟ್ಟಿ ಉಪಾಯ ಬೇಕೆಂದರೆ ಮನೆ ನೋಡಲು ಜುಲೈನಲ್ಲಿ ಬನ್ನಿ. ಆಗ ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಎಲ್ಲರೂ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಹಂಚು ಸೋರುವಲ್ಲಿ ಇಟ್ಟ ಪಾತ್ರೆಗಳನ್ನು ಎತ್ತಿಡಲು ಯಾರಿಗೂ ಪುರಸೊತ್ತಿರುವುದಿಲ್ಲ.