ಹೊಲದಿಂದ ಪೇಟೆಗೆ ಮಾಲಿನ ಸಾಗಾಟ

ಬೀಜ, ಗೊಬ್ಬರ, ರೋಗನಿವಾರಣೆ ಮುಂತಾದ ವಿಷಯಗಳಲ್ಲಿ ಒಕ್ಕಲಿಗರಿಗೆ ಹೇಳುವ ಬುದ್ಧಿವಾದಕ್ಕೆ ಕೊರತೆಯಿಲ್ಲ. ಬೆಳೆದ ಮಾಲು ಹೊಲವನ್ನು ಬಿಟ್ಟು ಪೇಟೆಯ ತಕ್ಕಡಿಯನ್ನು ಮುಟ್ಟುವವರೆಗೆ ಅದರ ಗತಿಯೇನಾಗುವುದೆಂಬುದನ್ನು ವಿಚಾರಿಸುವವರು ಮಾತ್ರ ವಿರಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಮೆಣಸಿನಕಾಯಿ, ಹತ್ತಿ, ಗೋವಿನಜೋಳಗಳನ್ನು ಬೆಳೆಯುವವನು ತನ್ನ ಲಾಭದ ಒಂದು ಪಾಲನ್ನು ಈ ನಡುದಾರಿಯಲ್ಲಿಯೇ ಕಳೆದುಕೊಳ್ಳುತ್ತಿರುವುದರಿಂದ, ಸಾಗಾಟವೂ ಒಕ್ಕಲುತನದ ಒಂದು ಅಂಗವೆಂದು ತಿಳಿಯುವುದು ಅವಶ್ಯವಾಗಿದೆ.

ದಾರಿಯು ಪೇಟೆಯ ಹಣೆಬರಹವನ್ನು ಹೇಗೆ ಬದಲಿಸುವುದೆಂಬುದಕ್ಕೆ ಈ ಸೀಮೆಯ ಹತ್ತಿಯೇ ಸಾಕ್ಷಿ. ರೈಲು ಬರುವ ಮೊದಲು ಧಾರವಾಡ ಸೀಮೆಯ ಅರಳೆಯು ಲಂಬಾಣಿಗರ ಹೇರೆತ್ತುಗಳ ಮೇಲೆಯೂ, ರಸ್ತೆಗಳಾದ ಬಳಿಕ ಬಂಡಿಗಳಲ್ಲಿಯೂ ಶಿರಸಿಯ ಮೇಲಿಂದ ಘಟ್ಟವಿಳಿದು, ಕುಮಟೆಯ ಬಂದರವನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ವ್ಯಾಪಾರಸ್ಥರು ಅದನ್ನು ಕರೆದದ್ದು ಕುಮಟಾ ಹತ್ತಿಯೆಂದೇ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಒಳಯುದ್ಧ ನಡೆದು ಇಂಗ್ಲಂಡದ ಗಿರಣಿಗಳಿಗೆ ಹತ್ತಿ ಸಾಲದಂತಾದಾಗ, ಅಂದಿನ ಸರಕಾರವು ಘಟ್ಟದ ರಸ್ತೆಗಳ ವಿಷಯದಲ್ಲಿಯೂ ಕಾರವಾರದ ಬಂದರದ ವಿಷಯದಲ್ಲಿಯೂ ಹಿಂದೆ ಇಲ್ಲದ ಆಸಕ್ತಿಯನ್ನು ತೋರಿತು. ಒಕ್ಕಲಿಗನ ಅಡಚಣೆ ಅದಕ್ಕೂ ಮೊದಲೇ ಇತ್ತು. ಅದು ಕಣ್ಣಿಗೆ ಬಿದ್ದದ್ದು ಗಿರಣಿಗಳು ನಿಂತಾಗ. ಮುಂದೆ 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಈ ಪ್ರಾಂತಕ್ಕೆ ಬಂದು, ಹುಬ್ಬಳ್ಳಿ-ಹರಿಹರಗಳ ನಡುವಿನ ಮಾರ್ಗವು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೇಲೆ ಹಾಯ್ದಿತು. ಹತ್ತಿಯು ರೈಲನ್ನು ಹಿಡಿಯಿತು; ಕುಮಟೆಗೆ ಹೆಸರು ಉಳಿಯಿತು, ವ್ಯಾಪಾರ ಉಳಿಯಲಿಲ್ಲ.

ಆ ರೈಲುಮಾರ್ಗವು 1990ರ ದಶಕದಲ್ಲಿ ಬ್ರಾಡ್‌ಗೇಜಾಯಿತು. 48ನೆಯ ರಾಷ್ಟ್ರೀಯ ಹೆದ್ದಾರಿಯು ಹಾವೇರಿ, ರಾಣೆಬೆನ್ನೂರುಗಳನ್ನು ಪುಣೆಗೂ ಬೆಂಗಳೂರಿಗೂ ಜೋಡಿಸಿದೆ. ಬ್ಯಾಡಗಿಯು ಮೋಟೆಬೆನ್ನೂರಿನಿಂದ ಕೆಲವೇ ಮೈಲು ಒಳಗಿದೆ. ಕೇಂದ್ರ ಸರಕಾರವು 2022ರ ಸಪ್ಟೆಂಬರ 17ರಂದು ರಾಷ್ಟ್ರೀಯ ಸರಕು ಸಾಗಣೆ ನೀತಿಯನ್ನು ಪ್ರಕಟಿಸಿ, ಸಾಗಾಟದ ವೆಚ್ಚವನ್ನು ತಗ್ಗಿಸುವ ಸಂಕಲ್ಪ ಮಾಡಿತು. ದೇಶದ ಒಟ್ಟು ಉತ್ಪನ್ನದಲ್ಲಿ ಈ ವೆಚ್ಚವು ನೂರಕ್ಕೆ 13-14 ಎಂದು ಮೊದಲು ಹೇಳುತ್ತಿದ್ದರು; 2025ರಲ್ಲಿ ಪ್ರಕಟವಾದ ಲೆಕ್ಕದಂತೆ ಅದು ಸುಮಾರು 8. ಅಂಕಿ ಯಾವುದೇ ಇರಲಿ, ಬಂದರದಿಂದ ಬಂದರಕ್ಕೆ ಹೋಗುವ ಪೆಟ್ಟಿಗೆಯನ್ನೂ ಹೊಲದ ಕೆಸರಿನಲ್ಲಿ ಹುಗಿದ ಟ್ರ್ಯಾಕ್ಟರನ್ನೂ ಒಂದೇ ಸರಾಸರಿಯಲ್ಲಿ ಕೂಡಿಸಿದ ಲೆಕ್ಕವಿದು. ಈ ಸೀಮೆಯಲ್ಲಿ ನಷ್ಟವಾಗುತ್ತಿರುವುದು ಹೆದ್ದಾರಿಯಲ್ಲಲ್ಲ. ಹೆದ್ದಾರಿಯ ಎರಡು ತುದಿಗಳಲ್ಲಿ. ಹೊಲದಿಂದ ಊರ ರಸ್ತೆಯವರೆಗಿನದು ಒಂದು ತುದಿ. ಪೇಟೆಯ ಬಾಗಿಲಿನಿಂದ ತಕ್ಕಡಿಯವರೆಗಿನದು ಇನ್ನೊಂದು.

ಎರಡನೆಯ ತುದಿಯನ್ನು ಬ್ಯಾಡಗಿಯಲ್ಲಿ ನೋಡಬೇಕು. ಇಲ್ಲಿಯ ಡಬ್ಬಿ, ಕಡ್ಡಿ ಕಾಯಿಗಳು ಖಾರಕ್ಕಿಂತ ಬಣ್ಣಕ್ಕೆ ಹೆಸರಾದವು. 2011ರಲ್ಲಿ ಇವಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಈ ಪೇಟೆಗೆ ಬರುವ ಮಾಲಿನ ಬಹುಭಾಗವು ಬಳ್ಳಾರಿ, ರಾಯಚೂರು, ಗದಗ ಜಿಲ್ಲೆಗಳಿಂದಲೂ ಆಂಧ್ರದಿಂದಲೂ ಬರುವಂಥದು. ಸುಗ್ಗಿಯ ಕಾಲದಲ್ಲಿ ಸಂತೆಯ ಹಿಂದಿನ ರಾತ್ರಿ ಲಾರಿಗಳ ಸಾಲು ನಿಲ್ಲುತ್ತದೆ, ಲಕ್ಷಕ್ಕೂ ಮೀರಿದ ಚೀಲಗಳು ಒಂದೇ ದಿನ ಇಳಿಯುವುದುಂಟು. ಹೊಲದಲ್ಲಿ ಚೆನ್ನಾಗಿ ಒಣಗಿಸಿ ನೂರಕ್ಕೆ 10-11ರಷ್ಟು ತೇವಕ್ಕೆ ತಂದ ಕಾಯಿ ಇಬ್ಬನಿಯಲ್ಲಿ ನಿಂತರೆ ಮತ್ತೆ ತೇವ ಹಿಡಿಯುವುದು. ಬಿಸಿಲಲ್ಲಿ ಬಿದ್ದರೆ ಬಣ್ಣ ಮಾಸುವುದು. ಇದಕ್ಕಿಂತಲೂ ದೊಡ್ಡ ಹಾನಿಯೆಂದರೆ, ನೂರು ಮೈಲಿನಿಂದ ಬಾಡಿಗೆ ತೆತ್ತು ಬಂದವನಿಗೆ, ಹೇಳಿದ ಧಾರಣೆ ಒಪ್ಪಿಗೆಯಾಗದಿದ್ದರೂ ಮಾಲನ್ನು ಹಿಂದಕ್ಕೆ ಒಯ್ಯುವ ಶಕ್ತಿಯಿರುವುದಿಲ್ಲ. ಕೊಳ್ಳುವವನಿಗೆ ಇದು ಗೊತ್ತು.

2024ರ ಮಾರ್ಚ 11ರಂದು, ಸೋಮವಾರದ ಸಂತೆಯಲ್ಲಿ, ಧಾರಣೆಯು ಕುಸಿದುದನ್ನು ಕಂಡು ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಬಿದ್ದು ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಡುವುದನ್ನು ಯಾವ ವಿವೇಕಿಯೂ ಒಪ್ಪಲಾರನು. ಧಾರಣೆ ಬೀಳುವುದಕ್ಕೆ ಬೆಳೆಯ ಹೆಚ್ಚಳವೇ ಮೊದಲಾದ ಕಾರಣಗಳೂ ಇರುತ್ತವೆ. ಆದರೂ ಅಷ್ಟು ಮಾಲು ಅದೇ ದಿನ, ಅದೇ ಅಂಗಳಕ್ಕೆ, ಹಿಂದಿರುಗುವ ದಾರಿಯಿಲ್ಲದೆ ಬಂದು ಬೀಳದಿದ್ದಲ್ಲಿ, ಬೆಳೆಗಾರನಿಗೆ ಎರಡು ವಾರ ತಡೆದು ನೋಡುವ ಅವಕಾಶವಾದರೂ ಇರುತ್ತಿತ್ತು.

ಆದುದರಿಂದ ಸರಕಾರದ ನೀತಿಯು ಮೊದಲು ಕೈಹಾಕಬೇಕಾದುದು ಇಂಥ ಪೇಟೆಗಳ ಬಾಗಿಲಿನಲ್ಲಿ. ಮಾಲು ಹೊರಡುವ ಮೊದಲೇ ಊರೂರಿಗೆ ಸರದಿಯ ಚೀಟಿ ಕೊಡುವ ಏರ್ಪಾಡು ಬೇಕು. ಲಾರಿ ನಿಲ್ಲುವ ಕಡೆ ಮೇಲ್ಮುಚ್ಚಳದ ಕಟ್ಟೆ ಬೇಕು. ಬ್ಯಾಡಗಿಯಲ್ಲಿ ಶೀತಲಗೃಹಗಳು ಹಲವಿವೆ; ಆದರೆ ಅವುಗಳಲ್ಲಿ ಸಣ್ಣ ಬೆಳೆಗಾರನ ಹತ್ತು ಚೀಲಕ್ಕೂ ಸ್ಥಳ ಸಿಗಬೇಕು. 2007ರ ಉಗ್ರಾಣ ಕಾಯಿದೆಯ ಪ್ರಕಾರ, ನೋಂದಾಯಿತ ಉಗ್ರಾಣದ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದಾಗಿದೆ. ಈ ಸಂಗತಿಯನ್ನು ಬಲ್ಲ ರಯತರೆಷ್ಟು? ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ ಧಾರಣೆ ಏರಲೆಂದು ಕಾಯಿರೆಂದು ಉಪದೇಶಿಸುವುದು ವ್ಯರ್ಥ. ರಸೀದಿಯ ಮೇಲೆ ಹಣ ಕೊಡಿಸಿದರೆ ಉಪದೇಶದ ಅಗತ್ಯವೇ ಇರುವುದಿಲ್ಲ.

ರೈಲಿನ ಮಾತು ಬೇರೆ. ಒಂದು ಗೂಡ್ಸ್ ರೈಲು ಹೊರುವುದು ಸುಮಾರು ಎರಡೂವರೆ ಸಾವಿರ ಟನ್ನು. ಒಬ್ಬ ಒಕ್ಕಲಿಗನಲ್ಲ, ಒಂದು ಊರೂ ಅದನ್ನು ತುಂಬಲಾರದು. ಗೋವಿನಜೋಳವನ್ನು ಸಹಕಾರಿ ಸಂಘಗಳು ಒಟ್ಟುಗೂಡಿಸಿ ಕಳಿಸುವ ಪದ್ಧತಿಯನ್ನು ಹಾಕಿಕೊಳ್ಳದೆ ರೈಲ್ವೆಯವರನ್ನು ದೂರಿ ಪ್ರಯೋಜನವಿಲ್ಲ.

ಹೊರಹೋಗುವ ಮಾಲಿನಷ್ಟೇ ಒಳಬರುವ ಮಾಲೂ ಮುಖ್ಯವೆಂಬುದನ್ನು ಹಾವೇರಿಯು ಬಹಳ ಬೆಲೆ ತೆತ್ತು ಕಲಿತಿದೆ. 2008ರ ಜೂನ 10ರಂದು, ಬಿತ್ತುವ ಹದ ಮೀರುತ್ತಿರುವಾಗ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಜುಲೈ ತಿಂಗಳಲ್ಲಿ ಬಂದ ಗೊಬ್ಬರವು ಕಾಗದದ ಲೆಕ್ಕಕ್ಕೆ ಸೇರಬಹುದು, ಮೃಗಶಿರಾ ಮಳೆಯ ಬಿತ್ತನೆಗೆ ಸೇರದು. ಬೇಸಿಗೆಯಲ್ಲಿಯೇ ತಾಲೂಕಿನ ಉಗ್ರಾಣಗಳನ್ನು ತುಂಬಿಡುವುದು ಸಾಗಾಟ ನೀತಿಯ ಭಾಗವಾಗಬೇಕು.

ಇನ್ನು ಮೊದಲ ತುದಿ. ಇಲ್ಲಿ ಸರಕಾರದ ತಪ್ಪಿಗಿಂತ ಊರಿನವರ ತಪ್ಪೇ ಹೆಚ್ಚೆಂದು ಹೇಳದೆ ವಿಧಿಯಿಲ್ಲ. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಅನೇಕ ಹಳ್ಳಿಗಳಿಗೆ ಡಾಂಬರು ಬಂದಿತು. ಹಳ್ಳಿಯಿಂದ ಹೊಲಕ್ಕೆ ಹೋಗುವ ಬಂಡಿದಾರಿಯು ಮಾತ್ರ ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಗ್ರಾಮದ ನಕಾಶೆಯಲ್ಲಿ ಎರಡು ಚಕ್ಕಡಿಗಳು ಹಾಯುವಷ್ಟು ಅಗಲವಿದ್ದ ದಾರಿಯನ್ನು ಇಕ್ಕೆಲದ ಹಿಡುವಳಿದಾರರು ಪ್ರತಿಸಲ ಒಂದೊಂದು ಸಾಲು ಒತ್ತಿ ಉಳುತ್ತ ಬಂದು, ಈಗ ಒಂದು ಟ್ರ್ಯಾಕ್ಟರಿಗೂ ಎಡೆಯಿಲ್ಲದಂತೆ ಮಾಡಿದ್ದಾರೆ. ಒತ್ತಿದವರಲ್ಲಿ ಬಡವರಿಗಿಂತ ಉಳ್ಳವರೇ ಹೆಚ್ಚು. ಒಂದು ಸಾಲು ಹತ್ತಿಯ ಆಸೆಗೆ ಇಡೀ ಹರದಾರಿಯ ಹೊಲಗಳವರು ಹದವಾದ ಕಾಯಿಯನ್ನು ತಲೆಯ ಮೇಲೆ ಹೊರಿಸಿ ಕೂಲಿ ತೆರುತ್ತಾರೆ. ಕಣ ಮಾಡುವ ಜಾಗಗಳೂ ಹೀಗೆಯೇ ಹೋದುದರಿಂದ, ಗೋವಿನಜೋಳ ಒಣಗಿಸಲು ರಸ್ತೆಯ ಅರ್ಧಭಾಗವೇ ಕಣವಾಗಿ, ರಾತ್ರಿ ವೇಳೆ ಅಪಘಾತಗಳಾಗುತ್ತಿವೆ.

ಇದನ್ನು ಸರಿಪಡಿಸುವ ಕೆಲಸಕ್ಕೆ ದಿಲ್ಲಿಯ ನೀತಿ ಬೇಡ. ಊರ ಹಿರಿಯರು ಕೂಡಿ, ಮೊದಲು ತಮ್ಮ ಹೊಲದ ಬದುವನ್ನೇ ಹಿಂದಕ್ಕೆ ಸರಿಸಿ, ಉಳಿದವರನ್ನು ಒಪ್ಪಿಸಿ, ಭೂಮಾಪಕರನ್ನು ಕರೆಸಿ ದಾರಿಯನ್ನು ಅಳೆಯಿಸಿ ಕಲ್ಲು ನೆಡಿಸಿದರೆ, ಮಣ್ಣು ಹಾಕಿಸಲು ಪಂಚಾಯತಿಯಿಂದ ಹಣ ಕೇಳುವುದಕ್ಕೆ ಮುಖವಿರುತ್ತದೆ. ಹೊಲಗಳು ಬರಿದಾಗಿರುವ ಬೇಸಿಗೆಯೇ ಇದಕ್ಕೆ ತಕ್ಕ ಕಾಲ. ರೋಹಿಣಿ ಮಳೆ ಬಿದ್ದ ಮೇಲೆ ಬಿತ್ತಿದ ಹೊಲದಲ್ಲಿ ಸರಪಳಿ ಎಳೆಯಲು ಯಾರೂ ಬಿಡರು.