ಇಸ್ತ್ರಿ ಮಾಡಿದ ವಿಶ್ವಾಸ

2013ರ ಡಿಸೆಂಬರ್ 8 ಭಾನುವಾರವಾಗಿತ್ತು. ಕ್ರೈಸ್ತರಿಗೆ ಅದು ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ. ಆ ವರ್ಷ ಅಂದಿನ ಬಲಿಪೂಜೆಯಲ್ಲಿ ಓದಬೇಕಿದ್ದದ್ದು ಮತ್ತಾಯನ ಶುಭಸಂದೇಶದ ಮೂರನೇ ಅಧ್ಯಾಯ. ದೀಕ್ಷಾಸ್ನಾನಕ್ಕೆಂದು ಠೀವಿಯಿಂದ ಬಂದ ಫರಿಸಾಯರೆಂಬ ಮತನಿಷ್ಠರನ್ನು ಸ್ನಾನಿಕ ಯೊವಾನ್ನ ಹಾವುಗಳಿಗೆ ಹೋಲಿಸಿ ಬೈಯುವ ಪ್ರಸಂಗ ಅದು. ಮನಸ್ಸು ತಿರುಗಿದೆ ಎಂದು ಬಾಯಲ್ಲಿ ಹೇಳಿದರೆ ಆಗದು, ನಡತೆಯಲ್ಲಿ ತೋರಿಸಿ ಎಂಬುದು ಆತನ ಗದರಿಕೆ. ಅದೇ ರಾತ್ರಿ ಸಿಂಗಾಪುರದ ಲಿಟಲ್ ಇಂಡಿಯಾದ ರೇಸ್ ಕೋರ್ಸ್ ರಸ್ತೆಯಲ್ಲಿ, ಕಾರ್ಮಿಕರನ್ನು ಅವರ ವಸತಿಗಳಿಗೆ ಮರಳಿಸುತ್ತಿದ್ದ ಖಾಸಗಿ ಬಸ್ಸಿನಡಿ ಸಿಕ್ಕಿ ತಮಿಳುನಾಡಿನ 33 ವರ್ಷದ ಕಟ್ಟಡ ಕಾರ್ಮಿಕನೊಬ್ಬ ಸತ್ತ. ಜನ ರೊಚ್ಚಿಗೆದ್ದರು, ಪೊಲೀಸ್ ವಾಹನಗಳು ಉರಿದವು. ನಾಲ್ಕು ದಶಕಗಳಲ್ಲಿ ಸಿಂಗಾಪುರ ಅಂಥ ಗಲಭೆ ಕಂಡಿರಲಿಲ್ಲ.

ಆ ರೇಸ್ ಕೋರ್ಸ್ ರಸ್ತೆಯಲ್ಲೇ ಫೂಚೌ ಮೆಥೊಡಿಸ್ಟ್ ಚರ್ಚ್ ಇದೆ. ಸ್ವಲ್ಪ ದೂರದಲ್ಲಿ ಕಂಪೊಂಗ್ ಕಪೋರ್ ಮೆಥೊಡಿಸ್ಟ್ ಚರ್ಚ್, ಶಾರ್ಟ್ ಸ್ಟ್ರೀಟಿನ ಕಡೆ ಹಳೆಯ ತಮಿಳು ಮೆಥೊಡಿಸ್ಟ್ ಚರ್ಚ್. ಭಾನುವಾರ ಬೆಳಿಗ್ಗೆ ಇಲ್ಲಿ ಗರಿಗರಿ ಬಟ್ಟೆಯ ಕುಟುಂಬಗಳು ಬರುತ್ತವೆ, ಆರಾಧನೆ ಮುಗಿಸಿ ಊಟಕ್ಕೆ ಹೊರಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಬೀದಿ ಬೇರೆಯವರದಾಗುತ್ತದೆ. ವಾರದ ಒಂದೇ ರಜೆಯಲ್ಲಿ ಊರಿಗೆ ದುಡ್ಡು ಕಳಿಸಲು, ಕೋಳಿ ಬಿರಿಯಾನಿ ತಿನ್ನಲು, ತಮ್ಮ ಭಾಷೆ ಕಿವಿಗೆ ಬೀಳಲಿ ಎಂದು ಸಾವಿರಾರು ತಮಿಳರು, ತೆಲುಗರು, ಬಾಂಗ್ಲಾದೇಶೀಯರು ಹುಲ್ಲಿನ ಮೇಲೆ ಕೂರುತ್ತಾರೆ. ನಮ್ಮ ಕನ್ನಡ ಮನೆಗಳೂ ಮಲ್ಲಿಗೆ, ಕರಿಬೇವು, ತೊಗರಿಬೇಳೆಗೆ ಇಲ್ಲಿನ ಸೆರಂಗೂನ್ ರಸ್ತೆಗೇ ಬರಬೇಕು. ಆದರೆ ಭಾನುವಾರ ಮಾತ್ರ ಬೇಡ, ‘ಆವತ್ತು ರಶ್ಶು’ ಎನ್ನುತ್ತವೆ. ಆ ರಶ್ಶು ಯಾರು ಎಂದು ಎಲ್ಲರಿಗೂ ಗೊತ್ತು, ಯಾರೂ ಬಿಡಿಸಿ ಹೇಳುವುದಿಲ್ಲ. ಇದರಲ್ಲಿ ಹಿಂದೂ, ಕ್ರೈಸ್ತ ಎಂಬ ಭೇದವೂ ಇಲ್ಲ.

ಆದರೂ ಇವತ್ತಿನ ಮಾತು ಕ್ರೈಸ್ತರದ್ದು. ಏಕೆಂದರೆ ನೆರೆಯವನು ಯಾರು ಎಂಬ ಪ್ರಶ್ನೆಯನ್ನು ತಮ್ಮ ಧರ್ಮದ ನಡುಮನೆಯಲ್ಲೇ ಇಟ್ಟುಕೊಂಡವರು ಅವರು. 2020ರ ಜನಗಣತಿಯಂತೆ ಸಿಂಗಾಪುರದ ನಿವಾಸಿಗಳಲ್ಲಿ ಶೇ 18.9 ಮಂದಿ ಕ್ರೈಸ್ತರು. ಪದವೀಧರರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಇಂಗ್ಲಿಷ್, ಒಳ್ಳೆಯ ಶಾಲೆ, ಒಳ್ಳೆಯ ಕೆಲಸ, ಚರ್ಚ್ ಎಲ್ಲವೂ ಒಟ್ಟಿಗೇ ಬರುವ ಊರಿನಲ್ಲಿ ಕ್ರೈಸ್ತನಾಗಲು ಧೈರ್ಯವೇನೂ ಬೇಕಿಲ್ಲ. ಶಿಲುಬೆ ಹೊರುವುದು ಬೇರೆ ಸಂಗತಿ.

ಡಾಂಭಿಕತೆ ಎಂದ ಕೂಡಲೇ ಸಿಂಗಾಪುರದಲ್ಲಿ ಎಲ್ಲರೂ ಸಿಟಿ ಹಾರ್ವೆಸ್ಟ್ ಚರ್ಚಿನತ್ತ ಬೆರಳು ತೋರಿಸುತ್ತಾರೆ. ಸಂಸ್ಥಾಪಕ ಪಾಸ್ಟರ್ ಕಾಂಗ್ ಹೀ ಮತ್ತು ಐವರು ಸಂಗಡಿಗರು ಸುಮಾರು 5 ಕೋಟಿ ಸಿಂಗಾಪುರ ಡಾಲರುಗಳಷ್ಟು ಚರ್ಚಿನ ಹಣದ ದುರುಪಯೋಗದಲ್ಲಿ 2015ರಲ್ಲಿ ತಪ್ಪಿತಸ್ಥರಾದರು. ಪಾಸ್ಟರರ ಹೆಂಡತಿಯ ಪಾಪ್ ಸಂಗೀತದ ಮೂಲಕ ಸುವಾರ್ತೆ ಸಾರುತ್ತೇವೆ ಎಂಬುದು ಯೋಜನೆ. ಎಂಟು ವರ್ಷದ ಶಿಕ್ಷೆ ಮೇಲ್ಮನವಿಯಲ್ಲಿ ಮೂರೂವರೆ ವರ್ಷಕ್ಕಿಳಿಯಿತು. ಇಂಥ ಕಥೆ ಸುಲಭ, ಇದನ್ನು ಹೇಳಿ ಉಳಿದವರೆಲ್ಲ ಸಭ್ಯರಾಗಿಬಿಡಬಹುದು. ನನ್ನನ್ನು ಹೆಚ್ಚು ಕಾಡುವುದು ಕಳ್ಳತನವಿಲ್ಲದ, ಗದ್ದಲವಿಲ್ಲದ, ಇಸ್ತ್ರಿ ಮಾಡಿದ ಅಂಗಿಯಂತೆ ಒಂದು ಸುಕ್ಕೂ ಇಲ್ಲದ ವಿಶ್ವಾಸ.

ಅದರ ನಿಜವಾದ ಪರೀಕ್ಷೆ ನಡೆದದ್ದು 1987ರಲ್ಲಿ. ಗೇಲಾಂಗಿನಲ್ಲಿ ಫ್ರೆಂಚ್ ಪಾದ್ರಿ ಗಿಯೋಂ ಅರೊಟ್ಸರೆನಾ ವಿದೇಶಿ ಕಾರ್ಮಿಕರಿಗಾಗಿ ಕೆಥೋಲಿಕ್ ಕೇಂದ್ರವೊಂದನ್ನು ನಡೆಸುತ್ತಿದ್ದರು. ಸಂಬಳ ಸಿಗದವರು, ಮನೆಯೊಡತಿಯ ಹೊಡೆತಕ್ಕೆ ಓಡಿಬಂದ ಮನೆಗೆಲಸದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಮೇ 21ರಂದು ‘ಮಾರ್ಕ್ಸ್‌ವಾದಿ ಪಿತೂರಿ’ಯ ಆರೋಪದ ಮೇಲೆ ಆಂತರಿಕ ಭದ್ರತಾ ಕಾಯ್ದೆಯಡಿ 16 ಜನರ ಬಂಧನವಾಯಿತು, ಮುಂದಿನ ತಿಂಗಳು ಇನ್ನೂ ಆರು ಮಂದಿ ಸೇರಿದರು. ವಿಚಾರಣೆ ನಡೆಯಲಿಲ್ಲ. ಮುಖ್ಯ ಆರೋಪಿ ಎನಿಸಿಕೊಂಡವರು ಚರ್ಚಿನದೇ ನ್ಯಾಯ ಮತ್ತು ಶಾಂತಿ ಆಯೋಗದ ಕಾರ್ಯದರ್ಶಿ ವಿನ್ಸೆಂಟ್ ಚೆಂಗ್. ಬಂಧಿತರ ಕೈಯಲ್ಲಿ ಆಯುಧವೇನೂ ಇರಲಿಲ್ಲ. ಕೂಲಿ ಎಷ್ಟು, ರಜೆ ಏಕಿಲ್ಲ ಎಂದು ಕೇಳುವ ಅಭ್ಯಾಸವಿತ್ತು.

ಮೊದಲು ಚರ್ಚ್ ಇವರ ಬೆನ್ನಿಗೆ ನಿಂತಿತು. ಬಂಧಿತರಿಗಾಗಿ ವಿಶೇಷ ಬಲಿಪೂಜೆಯಾಯಿತು, ಜನ ಕಿಕ್ಕಿರಿದು ಬಂದರು. ಜೂನ್ 2ರಂದು ಮಹಾಧರ್ಮಾಧ್ಯಕ್ಷ ಗ್ರೆಗರಿ ಯೋಂಗ್ ಪ್ರಧಾನಿ ಲೀ ಕ್ವಾನ್ ಯೂ ಅವರನ್ನು ಭೇಟಿಯಾಗಿ ಹೊರಬಂದಾಗ ಮಾತು ಬದಲಾಗಿತ್ತು. ಚೆಂಗ್ ವಿಷಯದಲ್ಲಿ ಸರ್ಕಾರ ಹೇಳಿದ್ದನ್ನು ಅವರು ಒಪ್ಪಿಕೊಂಡರು. ನಾಲ್ವರು ಪಾದ್ರಿಗಳು ಹುದ್ದೆ ಬಿಟ್ಟರು, ಗೇಲಾಂಗಿನ ಕೇಂದ್ರ ಬಾಗಿಲು ಮುಚ್ಚಿತು. ವರ್ಷದ ಕೊನೆಗೆ ಕ್ರಿಶ್ಚಿಯನ್ ಕಾನ್ಫರೆನ್ಸ್ ಆಫ್ ಏಷ್ಯಾ ಸಂಸ್ಥೆಯೂ ದೇಶದಿಂದ ಹೊರಬಿತ್ತು. ಬಿಡುಗಡೆಯಾದವರಲ್ಲಿ ಒಂಬತ್ತು ಮಂದಿ 1988ರ ಏಪ್ರಿಲ್‌ನಲ್ಲಿ ಆರೋಪ ಸುಳ್ಳು, ನಮ್ಮನ್ನು ಹಿಂಸಿಸಿದರು ಎಂದು ಹೇಳಿಕೆ ಕೊಟ್ಟರು. ಮರುದಿನವೇ ಮತ್ತೆ ಬಂಧನ ಶುರುವಾಯಿತು. ಚೆಂಗ್ ಹೊರಬಂದದ್ದು 1990ರಲ್ಲಿ.

ಮಹಾಧರ್ಮಾಧ್ಯಕ್ಷರನ್ನು ಹೇಡಿ ಎನ್ನಲು ನನಗೆ ನಾಲಗೆ ಬರದು. ಒಂದು ಸಣ್ಣ ಸಮುದಾಯದ ಶಾಲೆ, ಆಸ್ಪತ್ರೆ, ಸಾವಿರಾರು ಕುಟುಂಬಗಳ ನೆಮ್ಮದಿ ಅವರ ತಲೆಯ ಮೇಲಿತ್ತು. ಆದರೆ ಇದೇ ತಾನೇ ಹೊಂದಿಕೊಂಡು ಹೋಗುವುದರ ತರ್ಕ? ಅದು ಯಾವಾಗಲೂ ಜವಾಬ್ದಾರಿಯ ಭಾಷೆಯಲ್ಲೇ ಮಾತಾಡುತ್ತದೆ. ಶುಭಸಂದೇಶವನ್ನು ಅಕ್ಷರಶಃ ನಂಬಿದ ನಾಲ್ಕು ಜನರನ್ನು ಬಿಟ್ಟುಕೊಟ್ಟರೆ ಅದನ್ನು ಓದುವ ನಾಲ್ಕು ಸಾವಿರ ಜನ ಉಳಿಯುತ್ತಾರೆ ಎನ್ನುತ್ತದೆ. ಏನನ್ನು ಓದಲು ಉಳಿಯುತ್ತಾರೆ ಎಂಬುದು ಮಾತ್ರ ಆ ಲೆಕ್ಕದಲ್ಲಿ ಬರುವುದಿಲ್ಲ.

ಅದೇ ಸರ್ಕಾರದೊಳಗೆ ಒಬ್ಬ ತಮಿಳು ಕ್ರೈಸ್ತರಿದ್ದರು, ವಿದೇಶಾಂಗ ಸಚಿವ ಎಸ್. ಧನಬಾಲನ್. 1992ರಲ್ಲಿ ಅವರು ಸಂಪುಟ ಬಿಟ್ಟಾಗ ಜನರಿಗೆ ಕಾರಣ ತಿಳಿಯಲಿಲ್ಲ. 1987ರ ಬಂಧನಗಳು ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಮುಂದೆಯೂ ಹೀಗಾದೀತು ಎಂದು ಅವರು ಹೊರನಡೆದರು ಎಂಬುದನ್ನು ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟವರು ಮಾಜಿ ಪ್ರಧಾನಿ ಗೋ ಚೋಕ್ ಟಾಂಗ್. ಪ್ರತಿಭಟಿಸಿ ಬೀದಿಗಿಳಿಯಲಿಲ್ಲ ಎಂದು ಧನಬಾಲನ್‌ರನ್ನು ಟೀಕಿಸಬಹುದು. ಆದರೆ ಮನಸ್ಸಾಕ್ಷಿಗೆ ಕುರ್ಚಿಯ ಬೆಲೆ ಕೊಟ್ಟು, ಅದನ್ನು ಸಾಕ್ಷ್ಯ ಹೇಳುವ ವೇದಿಕೆಗೆ ಒಯ್ಯದ ವಿಶ್ವಾಸಿಗಳನ್ನು ನಾನು ಹೆಚ್ಚು ಕಂಡಿಲ್ಲ.

ನಮ್ಮ ಕನ್ನಡನಾಡಿನಲ್ಲೂ ಅಂಥವರೊಬ್ಬರಿದ್ದರು. ಬಾಸೆಲ್ ಮಿಶನ್ನಿನ ಸಭಾಪಾಲಕ ಉತ್ತಂಗಿ ಚನ್ನಪ್ಪನವರು ಮಿಶನ್ ಕಾಂಪೌಂಡಿನೊಳಗೆ ಮೆಚ್ಚುಗೆ ಗಳಿಸಿಕೊಂಡು ಸುಖವಾಗಿರಬಹುದಿತ್ತು. ಬದಲಿಗೆ ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನ ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಅನುಭವ ಮಂಟಪದ ಇತಿಹಾಸಕ್ಕೆ ಕೈಹಾಕಿದರು, ಕೊನೆತನಕ ಕ್ರೈಸ್ತರಾಗಿಯೇ ಉಳಿದರು. ಮತದ ಮೇಲೆ ಜನರನ್ನು ಗುರುತಿಸುವವರಿಗೆ ಅವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ತಿಳಿಯದೆ ಹೋದರೂ ಕನ್ನಡಿಗರು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು.

ಇಂದಿನ ಸಿಂಗಾಪುರದಲ್ಲಿ ಸೇವೆಗೆ ಅಡ್ಡಿಯಿಲ್ಲ, ಮೆಚ್ಚುಗೆಯೇ ಇದೆ. ಕ್ರೈಸ್ತ ವೈದ್ಯ ಗೋ ವೇ ಲಿಯಾಂಗ್ 2006ರಲ್ಲಿ ಸಂಗಡಿಗರೊಡನೆ ಕಟ್ಟಿದ ಹೆಲ್ತ್‌ಸರ್ವ್ ವಲಸೆ ಕಾರ್ಮಿಕರಿಗೆ ಅಗ್ಗದಲ್ಲಿ ಚಿಕಿತ್ಸೆ ಕೊಡುತ್ತದೆ. ಲಿಟಲ್ ಇಂಡಿಯಾದಲ್ಲಿ 2008ರಿಂದ, ಯಾವ ಧರ್ಮದ ಹೆಸರೂ ಇಲ್ಲದ ಟಿಡಬ್ಲ್ಯೂಸಿ2 ಎಂಬ ಸಂಸ್ಥೆ, ಗಾಯಗೊಂಡು ಅಥವಾ ಸಂಬಳ ಸಿಗದೆ ಕೆಲಸ ಕಳೆದುಕೊಂಡವರಿಗೆ ಉಚಿತ ಊಟ ಹಾಕುತ್ತ ಬಂದಿದೆ. ಅಲ್ಲಿ ತಟ್ಟೆ ಹಿಡಿದು ನಿಂತವನಿಗೆ ಯಾರ ಧರ್ಮ ಅಸಲಿ ಎಂಬ ಚರ್ಚೆ ಬೇಕಿಲ್ಲ. ಆದರೆ ಔಷಧ, ಅನ್ನ ಕೊಡುವವರೆಗೆ ಮಾತ್ರ ಸಮಾಜ ಚಪ್ಪಾಳೆ ತಟ್ಟುತ್ತದೆ. ಈ ಮನುಷ್ಯನಿಗೆ ಅದು ಏಕೆ ಬೇಕಾಯಿತು ಎಂದು ಕೇಳಿದಾಗ ಚಪ್ಪಾಳೆ ನಿಂತದ್ದು 1987ರಲ್ಲಿ ಕಂಡಿದೆ.

2013ರ ಗಲಭೆಯ ನಂತರ ಲಿಟಲ್ ಇಂಡಿಯಾದಲ್ಲಿ ಮದ್ಯ ಮಾರಾಟಕ್ಕೆ, ಕುಡಿತಕ್ಕೆ ಕಡಿವಾಣ ಬಿತ್ತು. ಲಾರಿಯ ಹಿಂಬದಿಯಲ್ಲಿ ಕಾರ್ಮಿಕರನ್ನು ತುಂಬಿ ಒಯ್ಯುವುದಕ್ಕೆ ಮಾತ್ರ ಕಾನೂನಿನ ಒಪ್ಪಿಗೆ ಮುಂದುವರಿಯಿತು. ನಿಲ್ಲಿಸಿ ಎಂದು 2023ರಲ್ಲಿ ಹಲವು ಸಂಘಟನೆಗಳು ಒಟ್ಟಾಗಿ ಕೇಳಿದವು, ಗುತ್ತಿಗೆದಾರರಿಗೆ ಕಷ್ಟ ಎಂಬ ಉತ್ತರ ಬಂತು. ಆ ಗುತ್ತಿಗೆದಾರರಲ್ಲಿ ಕೆಲವರಾದರೂ ಭಾನುವಾರ ಬೆಳಿಗ್ಗೆ ಪೀಠದ ಎದುರಿನ ಮೊದಲ ಸಾಲಿನಲ್ಲಿ ಕೂರುವವರೇ ಇರಬೇಕು. ಮುಂದೊಂದು ಆಗಮನ ಕಾಲದಲ್ಲಿ ಯೊವಾನ್ನನ ಗದರಿಕೆ ಓದಿದ ಮೇಲೆ ಪ್ರಸಂಗ ಹೇಳುವ ಪಾದ್ರಿ, ಪಾಸ್ಟರುಗಳು ಆ ಲಾರಿಯ ಹೆಸರೆತ್ತಲಿ. ಮರುವಾರ ಮೊದಲ ಸಾಲು ತುಂಬುತ್ತದೋ ಇಲ್ಲವೋ ನೋಡೋಣ.